ಮೈಸೂರಲ್ಲಿ ಹಳೆಯ ಜಪಾನಿ ಕಾರು: ಹುಡುಕೋದು, ರಿಪೇರಿ ಮಾಡೋದು, ಮಾಡಿಫೈ ಮಾಡೋದು

ಜಪಾನಿನ ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನಮ್ಮ ಹುಡುಗರ ಬಾಯಲ್ಲಿ ಬರೋದು ಸ್ಕೈಲೈನ್ ಜಿಟಿ-ಆರ್, ಸುಪ್ರಾ, ಆರ್‌ಎಕ್ಸ್-7, ಎಇ86. ಆಸೆ ಸರಿ, ಆದರೆ ಕಾನೂನು ಬಿಡಲ್ಲ. ಬಳಸಿದ ಕಾರನ್ನು ಭಾರತಕ್ಕೆ ಆಮದು ಮಾಡಲು ಅದು 3 ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮವಿದೆ. ಅಲ್ಲಿಗೆ 1990ರ ದಶಕದ ಕಾರುಗಳ ಕಥೆ ಮುಗಿಯಿತು. ಇಲ್ಲಿ ಈಗಾಗಲೇ ಓಡಾಡುತ್ತಿರುವ ಅಂಥ ಕೆಲವು ಕಾರುಗಳ ಬೆಲೆ ನಮ್ಮ ಅಳತೆಗೆ ಮೀರಿದ್ದು.

ಹಾಗಂತ ಸುಮ್ನೆ ಕೂರಬೇಕಿಲ್ಲ. ಜಪಾನಿನವರು ಆ ಕಾಲದಲ್ಲಿ ಹಗುರ ಬಾಡಿ, ಚಿಕ್ಕ ಎಂಜಿನ್, ಜಾಸ್ತಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು) ಎಂಬ ಲೆಕ್ಕದಲ್ಲಿ ಕಾರು ಮಾಡುತ್ತಿದ್ದರು. ಆ ಲೆಕ್ಕದ ಕೆಲವು ಕಾರುಗಳು ನಮ್ಮ ದೇಶದಲ್ಲೇ ತಯಾರಾಗಿವೆ. ಇವತ್ತಿಗೂ ಕೆಎ 09, ಕೆಎ 55, ಕೆಎ 11 ನಂಬರ್ ಪ್ಲೇಟ್ ಹಾಕಿಕೊಂಡು ಓಡಾಡುತ್ತಿವೆ. ಈ ಮಾರ್ಗದರ್ಶಿ ಅವುಗಳ ಬಗ್ಗೆ. ಅದರಲ್ಲೂ ಹೋಂಡಾ ಸಿಟಿ 1.5 ವಿಟೆಕ್ ಬಗ್ಗೆ ಜಾಸ್ತಿ, ಏಕೆಂದರೆ ಮೊದಲ ಬಾರಿ ಈ ಹವ್ಯಾಸಕ್ಕೆ ಕೈ ಹಾಕುವವರಿಗೆ ನಾನು ಹೇಳುವುದು ಅದನ್ನೇ.

ಮೊದಲ ಹಂತ: ಯಾವ ಕಾರು?

ನಮ್ಮಲ್ಲಿ ಸಿಗುವ ಹೋಂಡಾ ಸಿಟಿ ಸೆಡಾನ್ 1996ರಲ್ಲಿ ಥಾಯ್ಲೆಂಡ್‌ನಲ್ಲಿ ಬಂತು, ಭಾರತಕ್ಕೆ 1998ರಲ್ಲಿ. ಗ್ರೇಟರ್ ನೋಯ್ಡಾದಲ್ಲಿ ತಯಾರಾಗುತ್ತಿತ್ತು. 2000ದಲ್ಲಿ ಮುಖ ಬದಲಾಯಿತು, ಜೊತೆಗೆ 1.5 ವಿಟೆಕ್ ಎಂಜಿನ್ ಬಂತು, 106 ಬಿಎಚ್‌ಪಿ (ಎಂಜಿನ್ನಿನ ಅಶ್ವಶಕ್ತಿ). 2003ರ ಕೊನೆಗೆ ಹೊಸ ಆಕಾರದ ಸಿಟಿ ಬಂದಾಗ ಇದು ನಿಂತಿತು. ಅಂದರೆ ವಿಟೆಕ್ ಮಾರಾಟವಾಗಿದ್ದು ಮೂರು ಚಿಲ್ಲರೆ ವರ್ಷ ಮಾತ್ರ. ಇವತ್ತು ಹುಡುಕಿದರೂ ಬೇಗ ಸಿಗದಿರುವುದಕ್ಕೆ ಅದೇ ಕಾರಣ.

ವಿಟೆಕ್ ಅಂದರೆ ಏನು ಅಂತ ಚಿಕ್ಕದಾಗಿ ತಿಳಿದುಕೊಳ್ಳಿ, ರಿಪೇರಿಗೂ ಬೇಕಾಗುತ್ತದೆ. ವಾಲ್ವ್‌ಗಳನ್ನು (ಎಂಜಿನ್ ಒಳಗೆ ಗಾಳಿ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳು) ತೆರೆಯುವ ಕ್ಯಾಮ್‌ಶಾಫ್ಟ್ ಮೇಲೆ ಎರಡು ಥರದ ಉಬ್ಬುಗಳಿರುತ್ತವೆ. ಕಡಿಮೆ ವೇಗದಲ್ಲಿ ಚಿಕ್ಕ ಉಬ್ಬು ವಾಲ್ವ್ ತೆರೆಯುತ್ತದೆ. ಆರ್‌ಪಿಎಂ ಏರಿದಾಗ ಆಯಿಲ್ ಪ್ರೆಶರ್ ಒಂದು ಪಿನ್ನನ್ನು ತಳ್ಳಿ ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳನ್ನು ಒಟ್ಟಿಗೆ ಕಟ್ಟುತ್ತದೆ. ಆಗ ದೊಡ್ಡ ಉಬ್ಬಿನ ಕೆಲಸ ಶುರು. ವಾಲ್ವ್ ಹೆಚ್ಚು ತೆರೆಯುತ್ತದೆ, ಸದ್ದು ಬದಲಾಗುತ್ತದೆ, ಕಾರು ಮುಂದಕ್ಕೆ ಜಿಗಿಯುತ್ತದೆ. ಹೋಂಡಾ ಇದನ್ನು ಮೊದಲು ಹಾಕಿದ್ದು 1989ರ ಇಂಟೆಗ್ರಾ ಕಾರಿಗೆ. 1600 ಸಿಸಿಯಲ್ಲಿ 160 ಅಶ್ವಶಕ್ತಿ, ಟರ್ಬೊ ಇಲ್ಲದೆ. ಸ್ಕೈಲೈನ್ ಆರ್32 ಜಿಟಿ-ಆರ್, ಮಾಜ್ದಾ ಎಂಎಕ್ಸ್-5 ಕೂಡ ಬಂದಿದ್ದು ಅದೇ ವರ್ಷ. ನಮ್ಮ ಸಿಟಿಯಲ್ಲಿರುವುದು ಒಂದೇ ಕ್ಯಾಮ್‌ಶಾಫ್ಟ್‌ನ ಸಾದಾ ವಿಟೆಕ್. ಆದರೆ ವಂಶ ಅದೇ.

ಬೇರೆ ಆಯ್ಕೆಗಳೂ ಇವೆ. ಮಾರುತಿ ಎಸ್ಟೀಮ್‌ನ ಕೊನೆಯ ವರ್ಷಗಳ 16 ವಾಲ್ವ್, 85 ಬಿಎಚ್‌ಪಿ ಎಂಜಿನ್ ಹಗುರ ಬಾಡಿಯಲ್ಲಿ ಚೆನ್ನಾಗಿ ಓಡುತ್ತದೆ. ಅದರ ಸಾಮಾನು ಮಳವಳ್ಳಿಯಲ್ಲೂ ಸಿಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹಳೆಯ ಝೆನ್ ನೋಡಿ, ಸ್ಟೀರಿಂಗ್ ತಿರುಗಿಸುವ ಖುಷಿ ಅದರಲ್ಲೂ ಇದೆ. 1999ರ ಬಲೆನೊ 1.6 ಅನ್ನು ಜನ ಮರೆತಿದ್ದಾರೆ, ಅದೂ ಒಳ್ಳೆ ಕಾರು. ಮಿತ್ಸುಬಿಶಿ ಲ್ಯಾನ್ಸರ್ ನೋಡಲು ಎಲ್ಲಕ್ಕಿಂತ ಚೆಂದ ಅನ್ನುವವರು ಜಾಸ್ತಿ. ಹಿಂದೂಸ್ತಾನ್ ಮೋಟಾರ್ಸ್ ಅದನ್ನು 1998ರಿಂದ ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ತಯಾರಿಸಿತು. ಆದರೆ ಕಂಪನಿಯ ಅಂಗಡಿಯೇ ಮುಚ್ಚಿದ ಕಾರಿಗೆ ಹೆಡ್‌ಲೈಟ್, ಬಂಪರ್ ಹುಡುಕೋದು ಬೇರೆಯದೇ ಹವ್ಯಾಸ. ಎರಡನೇ ಕಾರಾಗಿ ತಗೊಳ್ಳಿ, ಮೊದಲನೆಯದಾಗಿ ಬೇಡ.

ಬಿಎಚ್‌ಪಿ ನೋಡಿ ಕಾರು ಆರಿಸಬೇಡಿ. ಬಾಡಿ ನೋಡಿ, ಕಾಗದ ನೋಡಿ, ಸಾಮಾನು ಸಿಗುತ್ತಾ ನೋಡಿ. ಎಂಜಿನ್ ಕೆಟ್ಟಿದ್ದರೆ ಸರಿ ಮಾಡಬಹುದು. ಕೊಳೆತ ಬಾಡಿಗೆ ಸುರಿದ ದುಡ್ಡು ವಾಪಸ್ ಬರಲ್ಲ.

ಎರಡನೇ ಹಂತ: ಕಾಗದ

ಕಾರು ನೋಡಲು ಹೋಗುವ ಮುಂಚೆಯೇ ಆರ್‌ಸಿಯ ಫೋಟೊ ತರಿಸಿಕೊಳ್ಳಿ. ಎಂ-ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕ, ಸಾಲ ಇನ್ನೂ ದಾಖಲೆಯಲ್ಲಿದೆಯೇ, ನೋಂದಣಿ ಎಲ್ಲಿಯವರೆಗೆ, ಎಲ್ಲ ಸಿಗುತ್ತದೆ. ಬ್ಯಾಂಕ್ ಹೆಸರು ಇನ್ನೂ ಇದ್ದರೆ ಸಾಲ ತೀರಿದೆ ಅನ್ನುವ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. 20 ವರ್ಷ ಹಿಂದಿನ ಸಾಲಕ್ಕೆ ಈಗ ಪತ್ರ ತರೋದು ಸುಲಭವಲ್ಲ, ಆ ಬ್ಯಾಂಕೇ ಇನ್ನೊಂದರಲ್ಲಿ ಸೇರಿ ಹೋಗಿರುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಾರಂ 25 ಹಾಕಿ, ಕಾರನ್ನು ಆರ್‌ಟಿಒಗೆ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದನ್ನು 10,000 ರೂಪಾಯಿ ಮಾಡಿದರು. ಮೊದಲ ತಲೆಮಾರಿನ ಸಿಟಿಗಳೆಲ್ಲ 20 ದಾಟಿವೆ. ಇದರ ಮೇಲೆ ಗ್ರೀನ್ ಟ್ಯಾಕ್ಸ್ ಇದೆ. ನವೀಕರಣ ಆಗದ ಕಾರನ್ನು ಮಾರುವವನು ಈ ಖರ್ಚನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾನೆ ಅಂತ ತಿಳಿದೇ ಚೌಕಾಸಿ ಮಾಡಿ. ಸಾಧ್ಯವಾದರೆ ಅವನ ಹೆಸರಿನಲ್ಲೇ ನವೀಕರಣ ಮಾಡಿಸಿ ಆಮೇಲೆ ತಗೊಳ್ಳಿ.

ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದಿದ್ದರಿಂದ ಅಲ್ಲಿನ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಸಮುದ್ರದ ಗಾಳಿ ಇಲ್ಲದ ಕಾರಣ ಬಾಡಿ ಚೆನ್ನಾಗಿರುತ್ತದೆ. ಆದರೆ ಫಾರಂ 28ರ ಎನ್‌ಒಸಿ (ಕಾರನ್ನು ಬೇರೆ ಊರಿಗೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ) ಮೈಸೂರು ಅಥವಾ ಮಂಡ್ಯ ಆರ್‌ಟಿಒ ಹೆಸರಿಗೇ ಇರಬೇಕು. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದರೆ ಲೋಕಲ್ ಕಾರಿನ ಬೆಲೆಯೇ ಆಗುತ್ತದೆ, ಓಡಾಟ ಬೇರೆ. ನಾನು ಲೋಕಲ್ ಕಾರಿನ ಕಡೆ.

ವಿಂಟೇಜ್ ನೋಂದಣಿ ಮಾಡಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 2021ರ ನಿಯಮದ ಪ್ರಕಾರ ಅದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ಮಾತ್ರ. ಅವನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ. ನಮ್ಮ ಕಾರುಗಳು ಸದ್ಯಕ್ಕೆ ಹಳೆಯವೂ ಅಲ್ಲದ ಹೊಸವೂ ಅಲ್ಲದ ವಯಸ್ಸಿನಲ್ಲಿವೆ.

ಮೂರನೇ ಹಂತ: ಕಾರು ನೋಡೋದು

ಬೆಳಿಗ್ಗೆ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ.

ಮೊದಲು ಬಾಡಿ. ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಬಾಗಿಲು, ಫೆಂಡರ್, ಹಿಂದಿನ ಚಕ್ರದ ಮೇಲಿನ ಕಮಾನು ಎಲ್ಲದರ ಮೇಲೂ ಓಡಿಸಿ. ಹಿಡಿಯದ ಕಡೆ ಪುಟ್ಟಿ ಇದೆ. ಹಳೆಯ ಹೋಂಡಾಗಳು ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ: ಹಿಂದಿನ ಚಕ್ರದ ಕಮಾನಿನ ಒಳ ಅಂಚು, ಸ್ಟೆಪ್ನಿ ಇಡುವ ಗುಂಡಿ, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಹಾಕುವ ಜಾಗ, ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಗಾಜಿನ ಬುಡ. ಸ್ಟೆಪ್ನಿ ಎತ್ತಿಸಿ, ಮ್ಯಾಟ್ ಎತ್ತಿಸಿ. ಮುಜುಗರ ಬೇಡ. ಮಡಿಕೇರಿ ದಾಟಿ ಮಂಗಳೂರು ಕಡೆಯಿಂದ ಬಂದ ಕಾರಾದರೆ ಕೆಳಗೆ ಮಲಗಿಯೇ ನೋಡಬೇಕು. ನಮ್ಮ ಕಡೆಯ ಒಣ ಹವೆಯಲ್ಲಿ ಬೆಳೆದ ಕಾರಿಗೂ ಕರಾವಳಿ ಕಾರಿಗೂ ಅಡಿಭಾಗದಲ್ಲಿ ಅಜಗಜಾಂತರ.

ಬಾನೆಟ್ ಬೋಲ್ಟ್‌ಗಳ ಬಣ್ಣ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಎಲ್ಲ ಗಾಜುಗಳ ಮೂಲೆಯ ಗುರುತು ಒಂದೇ ಕಾಲದ್ದಾ ನೋಡಿ. ಮಂಡ್ಯ ಸುತ್ತಮುತ್ತ ನಾಲೆ, ಕೆರೆ ಜಾಸ್ತಿ. ನೀರಿಗಿಳಿದು ಬಂದ ಕಾರು ಗುರುತಿಸಲು ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ಕೊನೆಯ ಅರ್ಧ ಅಡಿಯಲ್ಲಿ ಕೆಸರಿನ ಗೆರೆ ಇದ್ದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಎಂಜಿನ್. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪೆಟ್ರೋಲ್ ಪಂಪಿನ ಸದ್ದು ಬರಬೇಕು. ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಮೇಲೆ ಅನುಮಾನ ಪಡಿ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಬಿಡಲೇಬೇಡಿ. ಗೇಜ್ ದುಬಾರಿಯಲ್ಲ, ನಿಮ್ಮದೇ ಒಂದು ಇಟ್ಟುಕೊಳ್ಳಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡನ್ನೂ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸಿ. ಸಿಟಿಯಲ್ಲಿರುವುದು ಹೋಂಡಾದ ಡಿ ಸರಣಿ ಎಂಜಿನ್, ಅದಕ್ಕೆ ಕಂಪನಿ ಹೇಳುವ ಕನಿಷ್ಠ ಮಟ್ಟ ಸುಮಾರು 135 ಪಿಎಸ್‌ಐ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 28 ಪಿಎಸ್‌ಐ ಮೀರಬಾರದು. ಒಂದು ಸಿಲಿಂಡರ್ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಮಾರುವವನು ಈ ಟೆಸ್ಟಿಗೆ ಒಪ್ಪದಿದ್ದರೆ ಅವನ ಜೊತೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.

ಕೊನೆಗೆ ಓಡಿಸಿ. ವಿಟೆಕ್ ಆಗಿದ್ದರೆ ಎರಡನೇ ಗೇರಿನಲ್ಲಿ ಖಾಲಿ ರಸ್ತೆಯಲ್ಲಿ ಆರ್‌ಪಿಎಂ ಏರಿಸಿ. ಮೇಲೆ ಹೋದಂತೆ ಸದ್ದು ಮತ್ತು ಎಳೆತ ಬದಲಾಗಬೇಕು. ಬದಲಾಗದಿದ್ದರೆ ಆಯಿಲ್ ಕಡಿಮೆ ಇರಬಹುದು, ವಿಟೆಕ್‌ಗೆ ಆಯಿಲ್ ಬಿಡುವ ಸೊಲೆನಾಯ್ಡ್‌ನ ಜಾಲರಿ ಕಟ್ಟಿರಬಹುದು. ಎರಡೂ ಚಿಕ್ಕ ರೋಗ. ಎಂಜಿನ್ನೇ ಬದಲಾಗಿ ಸಾದಾ ಎಂಜಿನ್ ಕೂತಿರುವುದೂ ಉಂಟು, ಹಾಗಾಗಿ ಎಂಜಿನ್ ನಂಬರ್ ಅನ್ನು ಆರ್‌ಸಿ ಜೊತೆ ಹೋಲಿಸಿ.

ನಾಲ್ಕನೇ ಹಂತ: ಜಾಗ ಮತ್ತು ಟೂಲ್ಸ್

ಕುವೆಂಪುನಗರ, ವಿಜಯನಗರದ ಮನೆಗಳ ಪೋರ್ಟಿಕೊ ಸಾಕು. ನೆಲ ಗಟ್ಟಿ ಕಾಂಕ್ರೀಟ್ ಆಗಿರಬೇಕು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಎರಡು ಟನ್ನಿನ ಜಾಕ್ ಸ್ಟ್ಯಾಂಡ್ ಜೋಡಿ ಮೊದಲ ಖರೀದಿ. ಇಟ್ಟಿಗೆ, ಸೈಜುಗಲ್ಲು ಇಟ್ಟು ಕೆಲಸ ಮಾಡೋದು ನಮ್ಮ ಕಡೆ ರೂಢಿ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಜಪಾನಿ ಕಾರಿನ ಬೋಲ್ಟ್‌ಗಳು ಬಹುಪಾಲು 10, 12, 14, 17, 19 ಎಂಎಂ. ಇಷ್ಟು ಸಾಕೆಟ್ ಒಳ್ಳೆಯ ಕಂಪನಿಯದು ತಗೊಳ್ಳಿ, 10 ಎಂಎಂ ಮಾತ್ರ ಎರಡು ತಗೊಳ್ಳಿ, ಒಂದು ಹೇಗಿದ್ದರೂ ಕಳೆಯುತ್ತದೆ. ಇನ್ನೊಂದು ವಿಷಯ ತುಂಬಾ ಮೆಕ್ಯಾನಿಕ್‌ಗಳಿಗೂ ಗೊತ್ತಿಲ್ಲ. ಜಪಾನಿನ ಸ್ಕ್ರೂಗಳ ತಲೆಯ ಪ್ಲಸ್ ಗುರುತು ಫಿಲಿಪ್ಸ್ ಅಲ್ಲ, ಜೆಐಎಸ್ ಎಂಬ ಬೇರೆ ಅಳತೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಮೇಲಕ್ಕೆ ಜಾರಿ ತಲೆ ಸವೆಯುತ್ತದೆ. ಬ್ರೇಕ್ ಡಿಸ್ಕ್ ಹಿಡಿದಿರುವ ಸ್ಕ್ರೂಗಳು ಹಾಳಾಗೋದು ಹೀಗೇ. ಒಂದು ಜೆಐಎಸ್ ಸ್ಕ್ರೂಡ್ರೈವರ್ ತರಿಸಿಟ್ಟುಕೊಳ್ಳಿ. ಬಿಗಿತ ಅಳೆಯುವ ಟಾರ್ಕ್ ರೆಂಚ್, ಸಂದಿ ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್ ಕೂಡ ಬೇಕು. ಉಳಿದದ್ದು ಕೆಲಸ ಬಂದಾಗ ತಗೊಂಡರಾಯಿತು.

ಐದನೇ ಹಂತ: ಮೊದಲು ಕಾರನ್ನು ಕಂಪನಿ ಸ್ಥಿತಿಗೆ ತನ್ನಿ

ಇದೇ ಈ ಹವ್ಯಾಸದ ದೊಡ್ಡ ಕೆಲಸ. ಹೆಚ್ಚಿನವರು ಹಾರಿ ಹೋಗುವುದೂ ಇದನ್ನೇ. ಕಾರು ತಂದ ವಾರಕ್ಕೇ ಅಲಾಯ್, ಸೈಲೆನ್ಸರ್ ಹಾಕಿಸುತ್ತಾರೆ. ಒಳಗೆ 20 ವರ್ಷದ ರಬ್ಬರ್ ಹಾಗೇ ಇರುತ್ತದೆ. ನನ್ನ ಪ್ರಕಾರ 20 ವರ್ಷದ ಕಾರಿಗೆ ಮಾಡಬಹುದಾದ ಅತ್ಯುತ್ತಮ ಮಾಡಿಫಿಕೇಶನ್ ಅಂದರೆ ಅದು ಶೋರೂಮಿನಿಂದ ಬಂದಾಗ ಹೇಗಿತ್ತೋ ಹಾಗೆ ಮಾಡೋದು. ಹಾಗೆ ಮಾಡಿದ ಸಿಟಿಯನ್ನು ಓಡಿಸಿದವರು ಇದಕ್ಕೆ ಏನು ಹಾಕಿಸಿದ್ದೀರಿ ಅಂತ ಕೇಳುತ್ತಾರೆ.

ಟೈಮಿಂಗ್ ಬೆಲ್ಟ್: ಕ್ರ್ಯಾಂಕ್ ಜೊತೆ ಕ್ಯಾಮ್‌ಶಾಫ್ಟ್ ತಿರುಗಿಸುವ ಬೆಲ್ಟ್ ಇದು. ಮಾರುವವನು ಬದಲಿಸಿದ್ದೇವೆ ಅಂದರೂ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯಬಹುದು. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗುತ್ತದೆ. ಹಾಗಾಗಿ ಬೆಲ್ಟ್, ಟೆನ್ಶನರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಒಟ್ಟಿಗೆ ಬದಲಿಸಿ. ಒಂದು ಎಚ್ಚರಿಕೆ: ಹೆಚ್ಚಿನ ಎಂಜಿನ್‌ಗಳು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತವೆ, ಹೋಂಡಾ ಡಿ ಸರಣಿ ಉಲ್ಟಾ ತಿರುಗುತ್ತದೆ. ಮಾರುತಿ ಕೈಯಾಡಿದ ಮೆಕ್ಯಾನಿಕ್ ಅಭ್ಯಾಸಬಲದಿಂದ ಬೇರೆ ದಿಕ್ಕಿಗೆ ತಿರುಗಿಸಿ ಬೆಲ್ಟ್ ಬಿಗಿ ಮಾಡಿದರೆ ಟೆನ್ಶನ್ ತಪ್ಪುತ್ತದೆ. ಪಕ್ಕದಲ್ಲಿ ನಿಂತು ನೋಡಿ.

ಕೂಲಿಂಗ್: ನಮ್ಮ ಊರಿನ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಸಾರ್, ತೆಗೆದುಬಿಡೋಣ ಅನ್ನುವ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತೀರಿ. ಒಪ್ಪಬೇಡಿ. ಎಂಜಿನ್ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ 78 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರುವಾಗುತ್ತದೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ, ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಹೀಟ್ ಆಗುತ್ತಿದ್ದರೆ ರೇಡಿಯೇಟರ್ ಕಟ್ಟಿರಬೇಕು, ಮುಚ್ಚಳದ ಸ್ಪ್ರಿಂಗ್ ಸತ್ತಿರಬೇಕು ಅಥವಾ ಫ್ಯಾನ್ ಸ್ವಿಚ್ ಹೋಗಿರಬೇಕು. ಬೋರ್‌ವೆಲ್ ನೀರು ಹಾಕಿದ ಕಾರುಗಳ ಒಳಗೆ ಸುಣ್ಣ ಕಟ್ಟಿರುತ್ತದೆ. ಮಂಡ್ಯ ಕಡೆ ಇದು ಸಾಮಾನ್ಯ. ಡಿಸ್ಟಿಲ್ಡ್ ನೀರು, ಕೂಲಂಟ್ ಸಮಸಮ ಹಾಕಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಬೋಲ್ಟ್ ಸಡಿಲಿಸಿ ಗಾಳಿಗುಳ್ಳೆ ಹೊರಗೆ ಬಿಡಿ.

ವಾಲ್ವ್ ಕ್ಲಿಯರೆನ್ಸ್ (ರಾಕರ್ ಆರ್ಮ್, ವಾಲ್ವ್ ನಡುವಿನ ಸಂದಿ) ಹೊಂದಿಸೋದು: ಇದನ್ನು ಮನೆಯಲ್ಲೇ ಮಾಡಬಹುದು, ಮಾಡಲೇಬೇಕು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಮೇಲಿನ ಕವರ್ ಬಿಚ್ಚಿ. ಕ್ಯಾಮ್ ಪುಲ್ಲಿಯ ಮೇಲಿನ ಅಪ್ ಗುರುತು ಮೇಲೆ ಬರುವಂತೆ ಕ್ರ್ಯಾಂಕ್ ತಿರುಗಿಸಿ. ಈಗ ಒಂದನೇ ಸಿಲಿಂಡರ್ ಸಿದ್ಧ. ಇನ್‌ಟೇಕ್ 0.18ರಿಂದ 0.22 ಎಂಎಂ, ಎಕ್ಸಾಸ್ಟ್ 0.23ರಿಂದ 0.27 ಎಂಎಂ. ಫೀಲರ್ ಗೇಜ್ ಸ್ವಲ್ಪ ಹಿಡಿದು ಹಿಡಿದು ಜಾರಬೇಕು. ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಹೊಂದಿಸಿ, ನಟ್ ಬಿಗಿ ಮಾಡಿ ಮತ್ತೆ ಅಳೆಯಿರಿ. ಬಿಗಿ ಮಾಡುವಾಗ ಅಳತೆ ಬದಲಾಗಿರುತ್ತದೆ. ಆಮೇಲೆ ಕ್ರ್ಯಾಂಕ್ ಅರ್ಧ ಸುತ್ತು, ಗಡಿಯಾರದ ಉಲ್ಟಾ ದಿಕ್ಕಿಗೆ. ಈಗ ಮೂರನೇ ಸಿಲಿಂಡರ್. ಮತ್ತೆ ಅರ್ಧ ಸುತ್ತು, ನಾಲ್ಕನೆಯದು. ಕೊನೆಗೆ ಎರಡನೆಯದು. ಟಕಟಕ ಸದ್ದು ಪೂರ್ತಿ ಹೋಗಬೇಕು ಅಂತ ಇನ್ನೂ ಬಿಗಿ ಮಾಡಬೇಡಿ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ ಒಳ್ಳೆಯದು. ಸದ್ದೇ ಮಾಡದ್ದು ಒಂದು ದಿನ ವಾಲ್ವ್ ಸುಡುತ್ತದೆ.

ಬ್ರೇಕ್: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ಹಾಕಬಹುದು, ಡಾಟ್ 5 ಬೇಡ, ಅದು ಸಿಲಿಕಾನ್, ಬೆರೆಯಲ್ಲ. ರಬ್ಬರ್ ಹೋಸ್ ಬಿರಿದಿದ್ದರೆ ನಾಲ್ಕೂ ಬದಲಿಸಿ. ಆಮೇಲೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬನ್ನಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಹಳೆಯ ಕಾರು ಜಾಸ್ತಿ ಓಡದ ಕಾರಣ ಟೈರಿನ ಗುಂಡಿ (ಟ್ರೆಡ್) ಚೆನ್ನಾಗೇ ಕಾಣುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಆರೇಳು ವರ್ಷ ದಾಟಿದ್ದರೆ ಬದಲಿಸಿ.

ದಾರಿಯಲ್ಲಿ ಕೈಕೊಡುವ ಎರಡು ಭಾಗಗಳು

ಈ ಕಾಲದ ಹೋಂಡಾ ತಗೊಂಡವರಿಗೆ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇ ಪರಿಚಯ ಆಗೇ ಆಗುತ್ತದೆ. ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಂದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯಲ್ಲ. ಸಂಜೆ ಮತ್ತೆ ಸರಿ. ಡ್ಯಾಶ್‌ಬೋರ್ಡ್ ಕೆಳಗಿರುವ ಆ ರಿಲೇಯೊಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಬಿಸಿಗೆ ಅದು ತೆರೆದುಕೊಳ್ಳುತ್ತದೆ. ಕೀ ಆನ್ ಮಾಡಿದಾಗ ಪಂಪಿನ ಸದ್ದು ಬರದಿದ್ದರೆ ಅನುಮಾನ ಅದರ ಮೇಲೇ. ಬಿಚ್ಚಿ, ಟಿವಿ ರಿಪೇರಿ ಮಾಡುವವರ ಹತ್ತಿರ ಎಲ್ಲ ಜಾಯಿಂಟ್‌ಗೂ ಹೊಸದಾಗಿ ಬೆಸುಗೆ ಹಾಕಿಸಿ. ಇದಕ್ಕಾಗಿ ಪೆಟ್ರೋಲ್ ಪಂಪ್ ಬದಲಿಸಿದವರು ತುಂಬಾ ಜನ ಇದ್ದಾರೆ.

ಎರಡನೆಯದು ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಕಾಯಿಲ್, ಇಗ್ನೈಟರ್ ಎರಡೂ ಅದರ ಹೊಟ್ಟೆಯಲ್ಲೇ ಇವೆ. ಓಡುತ್ತಿರುವಾಗ ಟ್ಯಾಕೋಮೀಟರ್ ಮುಳ್ಳು ತಟ್ಟನೆ ಸೊನ್ನೆಗೆ ಬಿದ್ದು ಎಂಜಿನ್ ನಿಂತರೆ ಇಗ್ನೈಟರ್ ಕಡೆ ನೋಡಿ. ಅದರ ಓ-ರಿಂಗ್ ಸೋರಿ ಆಯಿಲ್ ಇಳಿಯುವುದೂ ಮಾಮೂಲು, ಅದು ಚಿಲ್ಲರೆ ಖರ್ಚು.

ಸಾಮಾನು ಮತ್ತು ಮೆಕ್ಯಾನಿಕ್

ಹೋಂಡಾ ಪಾರ್ಟ್ ನಂಬರ್‌ನ ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತದೆ. 14400 ಟೈಮಿಂಗ್ ಬೆಲ್ಟ್, 19200 ವಾಟರ್ ಪಂಪ್, 19301 ಥರ್ಮೋಸ್ಟಾಟ್, 30100 ಡಿಸ್ಟ್ರಿಬ್ಯೂಟರ್, 39400 ಮೇನ್ ರಿಲೇ, 15400 ಆಯಿಲ್ ಫಿಲ್ಟರ್. ಮಧ್ಯದ ಮೂರು ಅಕ್ಷರ ಯಾವ ಎಂಜಿನ್ ಅಥವಾ ಮಾಡೆಲ್ಲಿನದು ಅಂತ. ಹಳೆಯ ಪಾರ್ಟ್ ಮೇಲಿನ ನಂಬರ್ ಬರೆದುಕೊಂಡರೆ ಥಾಯ್ಲೆಂಡ್‌ನ ಅಂಗಡಿಯಿಂದಲೂ ತರಿಸಬಹುದು. ಎಂಜಿನ್ ಸಾಮಾನು ಆ ಕಾಲದ ಸಿವಿಕ್ ಜೊತೆ ಬಹಳಷ್ಟು ಹೊಂದುತ್ತದೆ. ಸಿಗದಿರುವುದು ಬಾಡಿ ಸಾಮಾನು: ಲೈಟ್, ಬಾಗಿಲ ರಬ್ಬರ್, ಗ್ರಿಲ್. ಇವು ಎಲ್ಲಿ ಕಂಡರೂ ತಗೊಂಡು ಅಟ್ಟದ ಮೇಲೆ ಇಡಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಕಡೆ ಆಗಾಗ ಹೋಗಿ ಬನ್ನಿ, ಲಿಸ್ಟ್ ಜೇಬಲ್ಲೇ ಇರಲಿ.

ಲೇತ್ ಕೆಲಸಕ್ಕೆ ನಮ್ಮ ಕಡೆ ಕೊರತೆ ಇಲ್ಲ. ಮೈಸೂರಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರವರೆಗೆ ನಡೆಯಿತು. ಎಂಜಿನ್ ಬಿಚ್ಚಿ ಕೂಡಿಸುವ ಕೈಗಳು ಈ ಊರಿಗೆ ಹೊಸತಲ್ಲ. ಮಂಡ್ಯದಲ್ಲಿ ಕಬ್ಬಿನ ಗಾಣ, ಪಂಪ್‌ಸೆಟ್, ಟ್ರ್ಯಾಕ್ಟರ್ ನಂಬಿದ ಲೇತ್ ಅಂಗಡಿಗಳಿವೆ. ಸಿಲಿಂಡರ್ ಹೆಡ್ ಫೇಸಿಂಗ್, ವಾಲ್ವ್ ಸೀಟ್, ಬುಶ್ ಒತ್ತೋದು ಎಲ್ಲ ಅಲ್ಲಿ ಆಗುತ್ತದೆ. ಆದರೆ ಎಷ್ಟು ಉಜ್ಜಬೇಕು ಅಂತ ನೀವು ಅಳತೆ ಬರೆದುಕೊಡಿ. ಬಾಯಿ ಮಾತಲ್ಲಿ ಸ್ವಲ್ಪ ಅಂದರೆ ಟ್ರ್ಯಾಕ್ಟರಿನ ಸ್ವಲ್ಪವೇ ಆಗಿಬಿಡುತ್ತದೆ.

ಆರನೇ ಹಂತ: ಈಗ ಮಾಡಿಫಿಕೇಶನ್

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಜಪಾನಿನಿಂದ ದೊಡ್ಡ ಎಂಜಿನ್ ತಂದು ಕೂರಿಸುವ ಮಾತು ಇಲ್ಲಿಗೆ ಮುಗಿಯುತ್ತದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಹುಡುಕುವುದೂ ಇಂಥದ್ದನ್ನೇ.

ಉಳಿದಿದ್ದರಲ್ಲಿ ಮಜಾ ಕಡಿಮೆ ಏನಿಲ್ಲ. ನನ್ನ ಕ್ರಮ ಹೀಗೆ: ಒಳ್ಳೆ ಟೈರ್, ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಬುಶ್, ಹೊಸ ಶಾಕ್ ಅಬ್ಸಾರ್ಬರ್. ಇಷ್ಟರ ನಂತರ ಕಾರು ತಿರುವಿನಲ್ಲಿ ಹೇಗೆ ಕೂರುತ್ತದೆ ನೋಡಿ, ಆಮೇಲೆ ಬೇರೆ ಯೋಚನೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸೋದು ಬೇಡವೇ ಬೇಡ. ಊರಿಗೊಂದು ಹಂಪ್ ಇರುವ ನಮ್ಮ ರಸ್ತೆಯಲ್ಲಿ ಎಂಜಿನ್ ಕೆಳಗಿನ ಆಯಿಲ್ ಸಂಪ್ ಒಡೆದು ಆಯಿಲ್ ಸುರಿದರೆ ಎಂಜಿನ್ನೇ ಹೋಗುತ್ತದೆ.

ಅಲಾಯ್ ಹಾಕಿಸುವವರು ಇದನ್ನು ಗಮನವಿಟ್ಟು ಓದಿ. ಸಿಟಿಯ ಚಕ್ರಕ್ಕೆ ನಾಲ್ಕು ಬೋಲ್ಟ್, ಎದುರುಬದುರು ಬೋಲ್ಟ್‌ಗಳ ನಡುವೆ 100 ಎಂಎಂ ಅಂತರ. ಚಕ್ರದ ಮಧ್ಯದ ತೂತಿನಲ್ಲಿ ಕೂರುವ ಹಬ್ 56.1 ಎಂಎಂ. ಹೊರಗಿನ ಅಲಾಯ್‌ನ ಮಧ್ಯದ ತೂತು ದೊಡ್ಡದಿರುತ್ತದೆ, ಹಬ್ ರಿಂಗ್ ಹಾಕದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಅದಕ್ಕಿಂತ ಮುಖ್ಯ, ಹೋಂಡಾದ ಮೂಲ ನಟ್‌ನ ತುದಿ ಗುಂಡಗಿದೆ. ಬೇರೆ ಕಂಪನಿಯ ಅಲಾಯ್‌ಗಳಿಗೆ ಶಂಕುವಿನ ಆಕಾರದ ತುದಿ ಬೇಕು. ಅದಲುಬದಲು ಮಾಡಿದರೆ ಬಿಗಿಯಾದಂತೆ ಅನಿಸುತ್ತದೆ, ಓಡುತ್ತಾ ಸಡಿಲವಾಗುತ್ತದೆ. ಬಿಗಿತ 108 ನ್ಯೂಟನ್ ಮೀಟರ್. 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.

ಬಾನೆಟ್ ಒಳಗೆ ಬಿಚ್ಚಿಟ್ಟ ಕೋನ್ ಫಿಲ್ಟರ್ ಸದ್ದು ಚೆನ್ನಾಗಿ ಮಾಡುತ್ತದೆ. ಆದರೆ ಎಂಜಿನ್‌ನ ಬಿಸಿ ಗಾಳಿಯನ್ನೇ ಎಳೆದುಕೊಂಡು ಶಕ್ತಿ ಕಡಿಮೆ ಮಾಡುತ್ತದೆ. ಕಂಪನಿಯ ಫಿಲ್ಟರ್ ಡಬ್ಬ ಹೊರಗಿನ ತಂಪು ಗಾಳಿ ತಗೊಳ್ಳುತ್ತದೆ, ಅದನ್ನೇ ಇಟ್ಟುಕೊಂಡು ಹೊಸ ಫಿಲ್ಟರ್ ಹಾಕಿ. ಹೆಡ್‌ಲೈಟ್ ಮಂಕಾಗಿದ್ದರೆ 100 ವ್ಯಾಟ್ ಬಲ್ಬ್ ಹಾಕಬೇಡಿ, ಸ್ವಿಚ್ ಕರಗುತ್ತದೆ. ಬ್ಯಾಟರಿಯಿಂದ ನೇರ ರಿಲೇ ವೈರಿಂಗ್ ಮಾಡಿಸಿ. ಮೂಲ 60/55 ವ್ಯಾಟ್ ಬಲ್ಬೇ ಬೇರೆ ಥರ ಉರಿಯುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ರಾತ್ರಿ ಮಂಡ್ಯದ ರಸ್ತೆಗಳಲ್ಲಿ ಹೋಗುತ್ತಿರುತ್ತವೆ. ಈ ಒಂದು ಕೆಲಸ ಅದಕ್ಕಾದರೂ ಮಾಡಿಸಿ.

ಪೆಟ್ರೋಲ್, ಓಡಾಟ, ತೊಳೆಯೋದು

ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥನಾಲ್. ಕಬ್ಬಿನಿಂದ ಎಥನಾಲ್ ಮಾಡುವುದರಿಂದ ಮಂಡ್ಯದವರಿಗೆ ಇದನ್ನು ಬೈಯಲು ಸ್ವಲ್ಪ ಕಷ್ಟ. ಆದರೆ ನಮ್ಮ ಕಾರುಗಳ ರಬ್ಬರ್ ಪೈಪ್‌ಗಳು ಅದಕ್ಕೆ ಮಾಡಿದ್ದಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ಪೈಪ್‌ಗಳನ್ನೂ ಎಥನಾಲ್ ತಡೆಯುವ ಇಂಜೆಕ್ಷನ್ ಹೋಸ್‌ಗೆ ಬದಲಿಸಿ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಬೇಡಿ. ಫ್ಯೂಯೆಲ್ ಫಿಲ್ಟರ್ ಮೊದಲಿಗಿಂತ ಬೇಗ ಬದಲಿಸಿ. ಕಾರ್ಬುರೇಟರ್ ಇರುವ ಹಳೆಯ ಝೆನ್, ಎಸ್ಟೀಮ್ ಆದರೆ ಇನ್ನೂ ಜಾಸ್ತಿ ಗಮನ ಬೇಕು.

ಓಡಿಸಲು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬೇಕಿಲ್ಲ. ಅಲ್ಲಿ ಕ್ಯಾಮೆರಾ ಇದೆ, ನೇರ ರಸ್ತೆಯಲ್ಲಿ ಈ ಕಾರಿಗೆ ಕೆಲಸವೂ ಇಲ್ಲ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಮೇಲುಕೋಟೆಗೆ ಹೋಗಿ. ಪುಳಿಯೋಗರೆ ತಿಂದು ಬರುವಷ್ಟರಲ್ಲಿ ಸ್ಟೀರಿಂಗ್, ಗೇರ್, ಬ್ರೇಕ್ ಎಲ್ಲಕ್ಕೂ ಕೆಲಸ ಸಿಗುತ್ತದೆ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಹೊರಡುವ ಮುಂಚೆ ಆಯಿಲ್ ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆಯಿದ್ದರೆ ವಿಟೆಕ್ ಕೆಲಸ ಮಾಡಲ್ಲ ಅನ್ನೋದು ಚಿಕ್ಕ ನಷ್ಟ, ಬೇರಿಂಗ್ ಹೋಗೋದು ದೊಡ್ಡದು.

ಆಯುಧಪೂಜೆ ಹಿಂದಿನ ದಿನ ಬಾನೆಟ್ ಎತ್ತಿ ಪೈಪ್ ಹಿಡಿದು ಎಂಜಿನ್‌ಗೆ ನೀರು ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಹೋದರೆ ಪೂಜೆ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಲೂ ಕಾರು ಸ್ಟಾರ್ಟ್ ಆಗಲ್ಲ. ಎಂಜಿನ್ ತಣ್ಣಗಿರುವಾಗ ಬ್ರಶ್, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರು ಹಾಕಲೇಬೇಕೆಂದರೆ ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಫ್ಯೂಸ್ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ, ಸ್ಪಾರ್ಕ್ ಪ್ಲಗ್ ಗುಂಡಿಗಳಿಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಆಮೇಲೆ ಕವರ್ ಬಿಚ್ಚಲು ಮರೆಯಬೇಡಿ.